ಗಟಾರ ಒಂದನ್ನೇ ಬೈದರೆ ಹೇಗೆ ರಾಯರೇ?

ಡೊಂಬಿವಲಿಯ ಓದುಗರೊಬ್ಬರು ಕೇಳಿದ್ದಾರೆ: "ಸೊಳ್ಳೆಯ ಜೀನ್ ಹುಡುಕೋದಕ್ಕೆ ಅಷ್ಟೊಂದು ದುಡ್ಡು ಯಾಕೆ? ಅದೇ ಹಣದಲ್ಲಿ ಗಟಾರ ಸ್ವಚ್ಛ ಮಾಡಿಸಿದರೆ ಡೆಂಗಿ, ಮಲೇರಿಯಾ ಹೋಗಲ್ವಾ?"

ಸಂಪಾದಕರ ಉತ್ತರ:

ಸ್ವಚ್ಛತೆ ಬೇಕು ರಾಯರೇ, ಎರಡು ಮಾತಿಲ್ಲ. ಆದರೆ ನಿಮ್ಮಂಥ ಹಳೇ ಓದುಗರೇ ಹೀಗೆ ಬರೆದಾಗ ಬೇಜಾರಾಗುತ್ತದೆ. ಡೆಂಗಿ ಸೊಳ್ಳೆ ಹುಡುಕೋದು ತಿಳಿನೀರನ್ನು. ಹೋದ ಮಳೆಗಾಲದಲ್ಲಿ ನಮ್ಮ ಮನೇಲಿ ಇಬ್ಬರು ಜ್ವರ ಬಂದು ಮಲಗಿದಾಗ ಫ್ರಿಜ್ ಹಿಂದಿನ ಟ್ರೇ ಎಳೆದು ಟಾರ್ಚ್ ಹಾಕಿದೆ. ಒಂದು ಬೆರಳು ನೀರು, ಅದರಲ್ಲಿ ಮರಿಗಳು ಬೆಳಕಿಗೆ ಬೆದರಿ ಕೊಂಕುತ್ತಾ ತಳಕ್ಕೆ ಇಳಿಯುತ್ತಿದ್ದವು. ಗಟಾರ ಇದ್ದದ್ದು ನಾಲ್ಕು ಮಹಡಿ ಕೆಳಗೆ! ಮುಂಬೈಗೆ ಮಲೇರಿಯಾ ಹಂಚುವ ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಗೂ ಬಾವಿ, ಟಾಂಕಿಯ ನೀರೇ ಇಷ್ಟ. 1911ರಷ್ಟು ಹಿಂದೆಯೇ ಬೆಂಟ್ಲಿ ಎಂಬ ಡಾಕ್ಟರು ಈ ಊರಿನ ಬಾವಿಗಳ ಕಡೆ ಬೆರಳು ತೋರಿಸಿದ್ದರು. ಯಾವ ಸೊಳ್ಳೆ ಅಂತ ಗೊತ್ತಾದ ಮೇಲೆ ತಾನೇ ಎಲ್ಲಿ ಹುಡುಕಬೇಕು ಅಂತ ತಿಳಿಯೋದು? ಜೀನ್ ಹುಡುಕೋದೂ ಅದೇ ಕೆಲಸ, ಇನ್ನಷ್ಟು ಒಳಗೆ ಹೋಗಿ.

ನಿಮ್ಮ ಸೊಸೈಟಿಗೂ ಹೊಗೆ ಬಿಡೋರು ಬರ್ತಾರಲ್ವಾ? ಸೊಳ್ಳೆಯ ನರದಲ್ಲಿ ಸೋಡಿಯಂ ಒಳಗೆ ಬಿಡುವ ಪುಟ್ಟ ಬಾಗಿಲುಗಳಿವೆ. ಹೊಗೆಗೆ ಬಳಸುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಔಷಧ ಆ ಬಾಗಿಲು ಮುಚ್ಚದ ಹಾಗೆ ಮಾಡುತ್ತದೆ, ಸೊಳ್ಳೆ ಒದ್ದಾಡಿ ಸಾಯುತ್ತದೆ. ಆದರೆ ಆ ಬಾಗಿಲು ಹೇಗಿರಬೇಕು ಅಂತ ಬರೆದಿಟ್ಟ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಔಷಧ ಸರಿಯಾಗಿ ಹಿಡಿಯದೆ ಹೋಗಬಹುದು. ಒಂದಷ್ಟು ಸೊಳ್ಳೆ ಹಿಡಿದು ಆ ಜೀನ್ ನೋಡಿದರೆ ಸುಮ್ನೆ ಹೊಗೆ ಬಿಡೋದು ತಪ್ಪುತ್ತದೆ. ದುಡ್ಡು ಉಳಿಯೋದೂ ಅಲ್ಲೇ.

ನನಗೆ ಜಾಸ್ತಿ ಹಿಡಿಸಿದ್ದು ಕೀನ್ಯಾದ ಕಥೆ. ಅಲ್ಲಿ ಡೆಂಗಿಯ ಈಡಿಸ್ ಸೊಳ್ಳೆಯಲ್ಲೇ ಎರಡು ಬಗೆ. ಕಾಡಿನದು ಪ್ರಾಣಿಗಳನ್ನು ಕಚ್ಚುತ್ತದೆ, ಮನೆ ಸೇರಿದ್ದು ನಮ್ಮನ್ನು. ವಾಸನೆ ಹಿಡಿಯುವ ಮೀಸೆಗಳಲ್ಲಿ ಕೆಲಸ ಮಾಡುವ ಜೀನ್‌ಗಳನ್ನು ಎರಡರಲ್ಲೂ ಹೋಲಿಸಿ 2014ರಲ್ಲಿ ಓಆರ್4 ಎಂಬ ಜೀನ್ ಗುರುತಿಸಿದರು. ಮನುಷ್ಯರ ಮೈಯಲ್ಲಿ ಜಾಸ್ತಿ ಇರುವ ಒಂದು ವಾಸನೆ ಹಿಡಿಯೋದು ಅದೇ. 2007ರಲ್ಲಿ ಈ ಸೊಳ್ಳೆಯ ಪೂರ್ತಿ ಜೀನೋಮ್, ಅಂದರೆ ಅದರ ಎಲ್ಲ ಜೀನ್‌ಗಳ ಬರಹ, ಓದಿದಾಗಲೂ "ಇದರಿಂದ ಏನು ಉಪಯೋಗ" ಅಂದವರು ಇದ್ದೇ ಇರುತ್ತಾರೆ.

ಆ ಪ್ರಶ್ನೆಯೇ ನಮ್ಮವರನ್ನು ಕೆಡಿಸಿದೆ. ನಮ್ಮ ಸಂಘಗಳಲ್ಲಿ ಡಾಕ್ಟರಿಗೆ ಶಾಲು, ಸಿಎಗೆ ಶಾಲು. ಪುಣೆಯಲ್ಲಿ ಕೀಟಶಾಸ್ತ್ರ ಓದುತ್ತಿರುವ ನನ್ನ ಗೆಳೆಯನ ಮಗಳಿಗೆ ಮಾತ್ರ ಮದುವೆಮನೆಯಲ್ಲಿ "ಇನ್ನೂ ಸೊಳ್ಳೆ ಹಿಡೀತಾ ಇದ್ದೀಯೇನಮ್ಮಾ" ಅಂತ ನಗು. ಆ ದಿನ ಅವಳು ಊಟ ಬಿಟ್ಟು ಎದ್ದು ಹೋದಳು. ನನಗಿನ್ನೂ ಅದು ಮರೆತಿಲ್ಲ. ಅವಳ ಕೈಲೇ ಈ ವಿಷಯ ಬರೆಸುತ್ತಿದ್ದೇನೆ. ಓದಿ, ಅವಳಿಗೇ ಒಂದು ಪತ್ರ ಹಾಕಿ.