ಡ್ರೈವರ್ ಇಲ್ಲದ ಕಾರು, ರಸ್ತೆ ದಾಟುವ ನಾವು

ಮಗಳ ಮನೆಗೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬಂದ ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: "ಅಲ್ಲಿ ವೇಮೋ ಕಾರುಗಳಲ್ಲಿ ಡ್ರೈವರೇ ಇರುವುದಿಲ್ಲ. ರಸ್ತೆ ದಾಟುವಾಗ ಯಾರ ಮುಖ ನೋಡಲಿ? ಕಾರಿನ ಮುಂದೆ 'ದಾಟಿ' ಅಂತ ಒಂದು ಬೋರ್ಡು ಹಾಕಲು ಏನು ಕಷ್ಟ?"

ಬೋರ್ಡಿನ ಯೋಚನೆ ಕಾರು ಕಂಪನಿಗಳಿಗೂ ಬಂದಿತ್ತು ಮೇಡಂ. 2015ರಲ್ಲಿ ನಿಸಾನ್ ತೋರಿಸಿದ ಒಂದು ಮಾದರಿ ಕಾರಿನಲ್ಲಿ, 'ನೀವು ಮೊದಲು ಹೋಗಿ' ಎಂದು ನಡೆದುಹೋಗುವವರಿಗೆ ಹೇಳುವ ಪರದೆಯೇ ಇತ್ತು. ಕೇಳಲು ಚೆಂದ. ಆದರೆ ಆ ಮಾತು ಯಾರಿಗೆ? ಈ ಕಡೆ ನೀವು ನಿಂತಿದ್ದೀರಿ, ಆ ಕಡೆ ಸೈಕಲ್ಲಿನ ಹುಡುಗ. ಇಬ್ಬರೂ ತಮಗೇ ಹೇಳಿದ್ದು ಅಂದುಕೊಂಡರೆ? ಇನ್ನೂ ದೊಡ್ಡ ತೊಂದರೆ ಪಕ್ಕದ ಲೇನಿನದು. ಈ ಕಾರು ನಿಂತಿತೆಂದು ಅಲ್ಲಿ ಬರುವವನೂ ನಿಲ್ಲಬೇಕಲ್ಲ! ಅವನ ಪರವಾಗಿ ಇದು ಮಾತು ಕೊಡಲಾಗದು. ಹಾಗಾಗಿ 'ನೀವು ದಾಟಿ' ಎನ್ನುವುದಕ್ಕಿಂತ 'ನಾನು ನಿಲ್ಲುತ್ತಿದ್ದೇನೆ' ಎನ್ನುವುದು ಮೇಲು. ಕಾರು ತನ್ನ ವಿಷಯವಷ್ಟೇ ಹೇಳಲಿ.

2017ರಲ್ಲಿ ಫೋರ್ಡ್ ಮತ್ತು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಒಂದು ತಮಾಷೆಯ ಪ್ರಯೋಗ ಮಾಡಿದರು. ಡ್ರೈವರಿಗೆ ಸೀಟಿನಂತೆ ಕಾಣುವ ವೇಷ ಹಾಕಿ, ಖಾಲಿ ಕಾರು ಓಡುತ್ತಿದೆ ಅನ್ನಿಸುವಂತೆ ಮಾಡಿದ್ದರು. ಗಾಜಿನ ಮೇಲಂಚಿನಲ್ಲಿ ಬಿಳಿ ದೀಪಗಳು. ಅವು ಅತ್ತಿತ್ತ ಓಡಾಡಿದರೆ ಕಾರು ನಿಲ್ಲುತ್ತದೆ, ಪಟಪಟ ಮಿನುಗಿದರೆ ಹೊರಡುತ್ತದೆ. ಜಾಣತನವೇನೋ ಹೌದು. ಆದರೆ ಮೊದಲ ಸಲ ನೋಡುವವರಿಗೆ ಇದು ಗೊತ್ತಾಗುವುದು ಹೇಗೆ? ಕಂಪನಿಗೊಂದು ಬಗೆಯ ದೀಪವಾದರಂತೂ ಮುಗಿದೇಹೋಯಿತು.

ನಿಜ ಹೇಳಬೇಕೆಂದರೆ, ಡ್ರೈವರಿನ ಮುಖವನ್ನು ನಾವು ಅಂದುಕೊಂಡಷ್ಟು ನೋಡುವುದೇ ಇಲ್ಲ. ರಾತ್ರಿ ಹೊತ್ತಿನಲ್ಲಾಗಲಿ, ಹಗಲು ಬಿಸಿಲಿಗೆ ಹೊಳೆಯುವ ಗಾಜಿನ ಹಿಂದಾಗಲಿ, ಆ ಮುಖ ಕಾಣುವುದಾದರೂ ಎಲ್ಲಿ? ನಾವು ಅಳೆಯುವುದು ಕಾರು ಎಷ್ಟು ದೂರದಲ್ಲಿದೆ, ವೇಗ ಇಳಿಯುತ್ತಿದೆಯೇ ಎಂಬುದನ್ನು. ಆದ್ದರಿಂದ ಒಳ್ಳೆಯ ವಿನ್ಯಾಸ ಬ್ರೇಕಿನಿಂದ ಶುರುವಾಗಬೇಕು. ಕೊನೇ ಗಳಿಗೆಯಲ್ಲಿ ಗಕ್ಕನೆ ನಿಲ್ಲುವ ಕಾರು ಯಾರಿಗೂ ತಾಗದಿರಬಹುದು, ಆದರೂ ಎದೆ ಝಲ್ಲೆನಿಸುತ್ತದೆ. ಮುಂಚೆಯೇ ನಿಧಾನವಾಗಿ, ನಿಮ್ಮಿಂದ ಒಂದಿಷ್ಟು ದೂರದಲ್ಲಿ ನಿಂತರೆ ಬೋರ್ಡೇ ಬೇಡ. ಹಾಗೆಂದು ನಿಂತೂ ನಿಲ್ಲದೆ ತೆವಳುವ ಕಾರೂ ಕಷ್ಟವೇ. ಅದು ಬಿಟ್ಟುಕೊಡುತ್ತದೋ ನುಗ್ಗುತ್ತದೋ ತಿಳಿಯದು.

ಕಣ್ಣು ಕಾಣದವರಿಗೆ ದೀಪವೂ ಪರದೆಯೂ ಉಪಯೋಗಕ್ಕಿಲ್ಲ. ಎಲೆಕ್ಟ್ರಿಕ್ ಕಾರಿನ ಸದ್ದೂ ಕಡಿಮೆ. ಅದಕ್ಕೇ ಅಮೆರಿಕದಲ್ಲಿ ಗಂಟೆಗೆ ಸುಮಾರು 30 ಕಿ.ಮೀ. ವೇಗದವರೆಗೆ ಅಂಥ ಕಾರು ಬೇಕೆಂದೇ ಸದ್ದು ಮಾಡಬೇಕೆಂಬ ನಿಯಮವಿದೆ. ಡ್ರೈವರ್ ಇಲ್ಲದ ಕಾರಿಗೆ ಇದು ಇನ್ನೂ ಜಾಸ್ತಿ ಮುಖ್ಯ ಅಲ್ವಾ?

ಮುಂದಿನ ಸಲ ಹೋದಾಗ ಗಾಜಿನೊಳಗೆ ಸುಮ್ನೆ ಇಣುಕಬೇಡಿ, ಚಕ್ರ ನೋಡಿ. ಅದು ಪೂರ್ತಿ ನಿಂತ ಮೇಲೂ ಪಕ್ಕದ ಲೇನಿನತ್ತ ಒಂದು ಕಣ್ಣಿರಲಿ. ಅಲ್ಲಿ ಬರುವ ಕಾರಿನಲ್ಲಿ ಡ್ರೈವರ್ ಇರಬಹುದು, ಮೊಬೈಲ್ ನೋಡುತ್ತಲೂ ಇರಬಹುದು.

– ಸಂ.