ಮನೆಯ ವಿಮೆಯೊಂದೇ ಸಾಲದು

ನಮಸ್ಕಾರ. ಅಜ್ಜನ ಕಾಲದ ಮೈಸೂರು ಶೈಲಿಯ ಚಿತ್ರಕ್ಕೂ ಕಂಚಿನ ವಿಗ್ರಹಕ್ಕೂ ಈಗಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಸಾಕೇ ಎಂದು ಕೇಳಿದ್ದೀರಿ. ಸಾಲದು. ಕಲಾಕೃತಿಗಳಿಗೆ ಅದರಲ್ಲಿ ‘ಒಪ್ಪಿತ ಮೌಲ್ಯ’ದ (ನೀವೂ ವಿಮಾ ಕಂಪನಿಯೂ ಮೊದಲೇ ಒಪ್ಪಿಕೊಂಡ ಬೆಲೆಯ) ಐಚ್ಛಿಕ ರಕ್ಷಣೆಯಿದೆ, ಅದನ್ನು ಕೇಳಿಯೇ ಸೇರಿಸಿಕೊಳ್ಳಬೇಕು. ಈ ರಕ್ಷಣೆಯ ಒಟ್ಟು ಮೊತ್ತ 5 ಲಕ್ಷ ರೂಪಾಯಿ ದಾಟಿದರೆ, ಅಥವಾ ಒಂದೇ ವಸ್ತುವಿನ ಬೆಲೆ 1 ಲಕ್ಷ ಮೀರಿದರೆ, ಮೌಲ್ಯಮಾಪನ ಪ್ರಮಾಣಪತ್ರ ಬೇಕು.

ನನಗೆ ಹೆಚ್ಚು ಆತಂಕವಿರುವುದು ಕಳವಿನ ಬಗ್ಗೆ. ಬೆಂಕಿ, ನೆರೆಯಂಥ ಅವಘಡದಿಂದಾಗಿ 7 ದಿನಗಳೊಳಗೆ ನಡೆದ ಕಳವಿಗಷ್ಟೇ ಆ ಪಾಲಿಸಿ ಪರಿಹಾರ ಕೊಡುತ್ತದೆ. ನೀವು ಊರಿಗೆ ಹೋದಾಗ ಯಾರೋ ಬೀಗ ಮುರಿದು ವಿಗ್ರಹ ಒಯ್ದರೆ ಏನೂ ಸಿಗುವುದಿಲ್ಲ. ಹಾಗಾಗಿ ಕನ್ನಗಳವಿಗೆ ಪ್ರತ್ಯೇಕ ವಿಮೆ ಮಾಡಿಸಿ, ಅದರಲ್ಲಿ ಎರಡೂ ಕೃತಿಗಳನ್ನು ಹೆಸರಿಸಿ ಬರೆಸಿ.

ತೇವಕ್ಕೆ ಚಿತ್ರದ ಗೆಸ್ಸೊ (ಚಿನ್ನದ ರೇಕಿನಡಿಯ ಲೇಪ) ಉಬ್ಬುಕೆಲಸ ನಿಧಾನವಾಗಿ ಬಿರಿದು ಚಿನ್ನದ ರೇಕು ಎದ್ದರೆ, ಅದು ಸಾಮಾನ್ಯವಾಗಿ ವಿಮೆಯ ಹೊರಗೇ ಉಳಿಯುತ್ತದೆ. ದಯವಿಟ್ಟು ಮಳೆ ಹೊಡೆಯುವ ಗೋಡೆಗೆ ಅದನ್ನು ತೂಗುಹಾಕಬೇಡಿ.

ವಿಗ್ರಹಕ್ಕೆ 100 ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೋಂದಣಿ ಮಾಡಿಸಿ. ಕಳುವಾದ ಮೇಲೆ ಅದು ನಿಮ್ಮದೇ ಎಂದು ತೋರಿಸಲು ಆ ದಾಖಲೆ ನೆರವಿಗೆ ಬರುತ್ತದೆ.