ವಿರಹದ ಹಾಡಿಗೆ 41 ನಿಮಿಷ ಬೇಕೆ?

ಪ್ರಿಯ ಓದುಗರೇ,

ದೀರ್ಘ, ಸಂಕೀರ್ಣ ರಚನೆಗಳಿಗೆ ಹೆಸರಾದ ರಾಕ್ ಪ್ರಕಾರವಾದ ಪ್ರೋಗ್ರೆಸಿವ್ ರಾಕ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಅದರಲ್ಲಿ ಹೆಸರಿಸಿದ್ದ ಬ್ರಿಟನ್ನಿನ ಮಾರಿಲಿಯನ್ ತಂಡದ ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ ಆಲ್ಬಮನ್ನು ಕೇಳಿದ ಮೇಲೆ ನೀವು ಬರೆದ ಪತ್ರ ತಲುಪಿದೆ. ನಮ್ಮ ಭಾವಗೀತೆಗಳು ನಾಲ್ಕು ನಿಮಿಷದಲ್ಲಿ ಹೇಳಿ ಮುಗಿಸುವ ವಿರಹಕ್ಕೆ ಇವರು 41 ನಿಮಿಷ ತೆಗೆದುಕೊಂಡಿದ್ದಾರೆ, ಇಷ್ಟು ಹೊತ್ತು ತನ್ನ ನೋವನ್ನೇ ಹಾಡಿಕೊಳ್ಳುವುದು ಸ್ವಾನುಕಂಪವಲ್ಲದೆ ಮತ್ತೇನು, ‘ಕೇಲೀ’ ಎಂಬ ಒಂದು ಹಾಡೇ ಸಾಕಿತ್ತು ಎಂಬುದು ನಿಮ್ಮ ಆಕ್ಷೇಪ. ಮೊಬೈಲಿನಲ್ಲಿ ಬಿಡಿಯಾಗಿ ಸಿಕ್ಕ ‘ಲ್ಯಾವೆಂಡರ್’ ಹಾಡು ಆಲ್ಬಮಿನಲ್ಲಿರುವುದಕ್ಕಿಂತ ಉದ್ದವಾಗಿರುವುದೇಕೆ ಎಂದೂ ಕೇಳಿದ್ದೀರಿ.

ಮೊದಲು ಸ್ವಾನುಕಂಪದ ಮಾತು. ಆಲ್ಬಮಿನ ಸಾಹಿತ್ಯವನ್ನೆಲ್ಲ ಬರೆದವರು ಫಿಶ್ ಎಂದೇ ಹೆಸರಾದ ಸ್ಕಾಟ್ಲೆಂಡಿನ ಗಾಯಕ. ಮುರಿದುಬಿದ್ದ ತಮ್ಮ ಸಂಬಂಧಗಳಿಂದಲೇ ‘ಕೇಲೀ’ ಹುಟ್ಟಿತೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ತನ್ನ ಮೇಲೇ ಮರುಗುವವನು ಸಾಮಾನ್ಯವಾಗಿ ತಪ್ಪನ್ನು ಬಿಟ್ಟುಹೋದವರ ತಲೆಗೋ ವಿಧಿಯ ತಲೆಗೋ ಕಟ್ಟುತ್ತಾನೆ. ಇಲ್ಲಿ ಹಾಡುವವನು ಮಾಡುವುದು ಅದಲ್ಲ. ಆಟದ ಮೈದಾನದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಳಿಸಿಹೋಗುತ್ತಿದ್ದ ಹೃದಯಗಳನ್ನು, ಹಿಮದಲ್ಲಿ ಕುಣಿದ ರಾತ್ರಿಯನ್ನು ಅಗಲಿದ ಪ್ರಿಯತಮೆ ಕೇಲೀಗೆ ನೆನಪಿಸುತ್ತಾ, ಆಕೆಯ ಮನಸ್ಸನ್ನು ಮುರಿದುದಕ್ಕೆ ಕ್ಷಮೆ ಕೇಳುತ್ತಾನೆ. ಆದರೆ ಆ ಹೆಣ್ಣಿನ ದನಿ ಈ ಆಲ್ಬಮಿನಲ್ಲಿ ಎಲ್ಲಿಯೂ ಇಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಅದು ಈ ಕೃತಿಯ ನಿಜವಾದ ಕೊರತೆ.

ಈಗ ಉದ್ದದ ಪ್ರಶ್ನೆ. ‘ಕೇಲೀ’ ಒಂದೇ ಸಾಕಿತ್ತು ಎನ್ನುವವರು ಆ ಹಾಡು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಬರೆಯಬೇಕೆಂದಿದ್ದ ಪ್ರೇಮಗೀತೆ ಇನ್ನೂ ಕೈಗೂಡಿಲ್ಲವೆಂದು ಆತ ಹೇಳಿಕೊಳ್ಳುತ್ತಾನೆ. ತಾವಿಬ್ಬರೂ ಸರಿಯಿದ್ದರೋ ಅಥವಾ ತಾನೇ ತಪ್ಪಿದವನೋ ಎಂಬುದು ತೀರ್ಮಾನವಾಗುವ ಮೊದಲೇ ಹಾಡು ಮುಗಿಯುತ್ತದೆ. ಸಿಂಗಲ್, ಅಂದರೆ ಬಿಡಿಯಾಗಿ ಹೊರತಂದ ಹಾಡನ್ನಷ್ಟೇ ಕೇಳಿದವರಿಗೆ ದಕ್ಕುವುದು ಅಷ್ಟೇ. ಆಲ್ಬಮಿನಲ್ಲಾದರೋ ಎರಡು ಬದಿಗಳ ಎಲ್ಪಿ ತಟ್ಟೆಯ ಒಂದು ಬದಿಯ ಹಾಡುಗಳೆಲ್ಲ ನಡುವೆ ಬಿಡುವಿಲ್ಲದೆ ಬೆಸೆದುಕೊಂಡಿರುವುದರಿಂದ, ಆ ಪ್ರಶ್ನೆಯ ಬೆನ್ನಿಗೇ ಪಿಯಾನೊ ಶುರುವಾಗಿ, ಇಂಗ್ಲೆಂಡಿನ ಹಳೆಯ ಶಿಶುಗೀತೆಯೊಂದನ್ನು ಆಧರಿಸಿದ ‘ಲ್ಯಾವೆಂಡರ್’ ಬರುತ್ತದೆ. ಪ್ರೀತಿಯೆಂದರೆ ರಾಜ ರಾಣಿಯರ ಹಾಡಿನಷ್ಟು ಸರಳ ಎಂದು ನಂಬಿದ್ದ ಹುಡುಗನ ಲೋಕ ಅದು.

ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುವ ಜಾಗ ಇದರ ಮುಂದಿದೆ. ನಂತರ ಬರುವ ಸುಮಾರು ಎಂಟು ನಿಮಿಷಗಳ ರಚನೆಯ ‘ಬ್ಲೂ ಏಂಜಲ್’ ಎಂಬ ಭಾಗದಲ್ಲಿ ಆತ ಫ್ರಾನ್ಸಿನ ಲಿಯಾನ್ ನಗರದಲ್ಲಿ, ಹಣಕ್ಕೆ ಒಲಿಯುವ ಹೆಣ್ಣೊಬ್ಬಳ ಸಂಗದಲ್ಲಿದ್ದಾನೆ. ಆ ಸಾಲುಗಳ ಅಡಿಯಲ್ಲಿ ಹರಿಯುವುದು ಬೇರೆ ಯಾವ ಧಾಟಿಯೂ ಅಲ್ಲ, ‘ಲ್ಯಾವೆಂಡರ್’ ಹಾಡಿನದೇ ಧಾಟಿ. ಮಗುವಿನ ಹಾಡು ಎಲ್ಲಿಗೆ ಬಂದು ಮುಟ್ಟಿತು ಎಂಬುದನ್ನು ಸಾಹಿತ್ಯ ಬಾಯಿಬಿಟ್ಟು ಹೇಳುವುದಿಲ್ಲ. ಸ್ಟೀವ್ ರಾದರಿಯವರ ಗಿಟಾರ್, ಮಾರ್ಕ್ ಕೆಲ್ಲಿಯವರ ಕೀಬೋರ್ಡ್ ಅದನ್ನು ಕೇಳಿಸುತ್ತವೆ. ಇದು ನಮ್ಮನ್ನು ತಟ್ಟಬೇಕಾದರೆ ಮೊದಲ ಧಾಟಿ ಕಿವಿಯಲ್ಲಿ ಕೂತಿರಬೇಕು, ನಡುವೆ ಒಂದಿಷ್ಟು ಕಾಲವೂ ಸರಿದಿರಬೇಕು. ಹಿಂದುಸ್ತಾನಿ ಸಂಗೀತದ ವಿಳಂಬಿತ ಖಯಾಲಿನಲ್ಲಿ ಎರಡು ಸಾಲಿನ ಚೀಜಿಗೆ, ಅಂದರೆ ಪುಟ್ಟ ಹಾಡಿಗೆ, ಅರ್ಧ ಗಂಟೆ ಕೊಟ್ಟು ಕೂರುವ ನಮ್ಮ ಧಾರವಾಡದ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಬದಿಯಲ್ಲಿ ಕುಡಿತ, ಊರೂರು ಸುತ್ತುವ ಕಲಾವಿದನ ದಣಿವು, ಗೆಳೆಯನ ಸಾವು ಎಲ್ಲವೂ ಈ ಒಂದು ಅಗಲಿಕೆಗೆ ಬಂದು ಕೂಡಿಕೊಳ್ಳುತ್ತವೆ. ಕಡೆಗೆ ‘ಚೈಲ್ಡ್‌ಹುಡ್ಸ್ ಎಂಡ್?’ ಹಾಡಿನಲ್ಲಿ ಆತ ಕನ್ನಡಿಯ ಕಡೆಗೆ ತಿರುಗಿದಾಗ, ಒಮ್ಮೆ ಪ್ರೀತಿಸಬಲ್ಲವನಾಗಿದ್ದ ಹುಡುಗ ಅಲ್ಲಿ ಕಾಣಿಸುತ್ತಾನೆ. ಆಕೆ ಮರಳುವುದಿಲ್ಲ, ಆದರೆ ತಾನು ಕಳೆದುಕೊಂಡದ್ದು ಆಕೆಯೊಬ್ಬಳನ್ನೇ ಅಲ್ಲವೆಂಬುದು ಅವನಿಗೆ ತಿಳಿಯುತ್ತದೆ. ‘ಕೇಲೀ’ ಎತ್ತಿದ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ, ಅದಕ್ಕೆ ಮೊದಲಲ್ಲ. ಈ ಆಲ್ಬಮಿನ ಉದ್ದವನ್ನು ನಾನು ಸಮರ್ಥಿಸುವುದು ಈ ಕಾರಣಕ್ಕೆ. ಪ್ರೋಗ್ರೆಸಿವ್ ರಾಕ್‌ನಲ್ಲಿ ಕೈಚಳಕ ತೋರಿಸುವುದಕ್ಕೆಂದೇ ಹಿಗ್ಗಿಸಿದ ರಚನೆಗಳಿಗೆ ಕೊರತೆಯಿಲ್ಲ, ಅವುಗಳ ಪರವಾಗಿ ನಾನು ವಾದಿಸಲಾರೆ.

ಬರ್ಲಿನ್ ಗೋಡೆಯ ಸಮೀಪದ ಹಾನ್ಸಾ ಸ್ಟುಡಿಯೋದಲ್ಲಿ ಕ್ರಿಸ್ ಕಿಮ್ಸಿಯವರ ನಿರ್ಮಾಣದಲ್ಲಿ ಧ್ವನಿಮುದ್ರಣಗೊಂಡು 1985ರ ಜೂನ್‌ನಲ್ಲಿ ಬಂದ ಈ ಆಲ್ಬಮ್, ಇಂಥ ಸಂಗೀತದ ಕಾಲ ಮುಗಿಯಿತೆಂದು ವಿಮರ್ಶಕರು ಬರೆಯುತ್ತಿದ್ದ ದಿನಗಳಲ್ಲಿ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ‘ಕೇಲೀ’ ಸಿಂಗಲ್‌ಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಹೋಯಿತು. ಅದನ್ನು ಅನುಸರಿಸಿ ‘ಲ್ಯಾವೆಂಡರ್’ ಕೂಡ ಸಿಂಗಲ್ ಆಗಿ ಹೊರಬಂತು. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಆಲ್ಬಮಿನಲ್ಲಿ ಅದು ಎರಡೂವರೆ ನಿಮಿಷದ ಹಾಡು, ಹಿಂದಿನದರಿಂದ ಹುಟ್ಟಿ ಮುಂದಿನದಕ್ಕೆ ಸೇರಿಕೊಳ್ಳುವಂಥದು. ಬಿಡಿಯಾಗಿ ನಿಲ್ಲಿಸಬೇಕಾದಾಗ ಅದನ್ನು ಮೂರೂವರೆ ನಿಮಿಷಕ್ಕೂ ಮೀರಿ ಬೆಳೆಸಬೇಕಾಯಿತು. ನಿಮಗೆ ಮೊಬೈಲಿನಲ್ಲಿ ಸಿಕ್ಕಿರುವುದು ಆ ಸಿಂಗಲ್ ರೂಪ. ಮುಂದಿನ ಸಲ ಹಾಡುಗಳ ನಡುವೆ ಮೌನ ಬಾರದಂತೆ ಮೊಬೈಲನ್ನು ಹೊಂದಿಸಿಕೊಂಡು, ಆಲ್ಬಮಿನ ರೂಪವನ್ನೇ ಮೊದಲಿನಿಂದ ಕೇಳಿ. ಆಮೇಲೂ ನಿಮ್ಮ ಆಕ್ಷೇಪ ಉಳಿದರೆ ದಯವಿಟ್ಟು ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.

– ಸಂಪಾದಕ